ನಮ್ಮನ್ನು ಬಲ್ಲವರು

ಪುತ್ತೂರು, ಸುಳ್ಯ, ಕಡಬದ ಕಡೆ ಊರೆಂದರೆ ಮನೆಗಳ ಸಾಲಲ್ಲ. ಘಟ್ಟದ ಮೇಲಿನಿಂದ ಮೊದಲ ಸಲ ಬಂದವರು ಬಸ್ಸಿಳಿದು, ‘ಊರು ಇನ್ನೂ ಎಷ್ಟು ದೂರ?’ ಎಂದು ಕೇಳುವುದುಂಟು. ಅವರು ಇಳಿದದ್ದೇ ಊರು. ಒಂದು ದಿನಸಿ ಅಂಗಡಿ, ಒಂದು ಹೋಟೆಲು, ಹಾಲಿನ ಸೊಸೈಟಿ, ಸ್ವಲ್ಪ ಆಚೆ ಶಾಲೆ. ಕಣ್ಣಿಗೆ ಬೀಳುವುದು ಇಷ್ಟೇ. ಮನೆಗಳೆಲ್ಲ ಗುಡ್ಡದ ಮರೆಯಲ್ಲಿ, ತೋಟದ ತಲೆಯಲ್ಲಿ, ಒಂದಕ್ಕೊಂದು ಕಾಣದ ಹಾಗೆ ಇರುತ್ತವೆ. ಡಾಮರು ರಸ್ತೆಯಿಂದ ಮಣ್ಣಿನ ದಾರಿ ಹಿಡಿದು, ಬೇಲಿಯ ತಡಮೆ ದಾಟಿ, ತೋಡಿಗೆ ಹಾಕಿದ ಅಡಿಕೆ ಮರದ ಸಂಕದ ಮೇಲೆ ಹೆಜ್ಜೆಯಿಟ್ಟಾಗ ಎಲ್ಲೋ ಒಂದು ನಾಯಿ ಬೊಗಳುತ್ತದೆ. ಆಮೇಲೆ ಅಂಗಳ. ಬಂದವರು ನೇರ ಜಗಲಿ ಹತ್ತುವುದಿಲ್ಲ. ಅಂಗಳದಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರೆ, ಇಲ್ಲವೇ ‘ಯಾರಿದ್ದೀರಿ?’ ಎನ್ನುತ್ತಾರೆ. ಒಳಗಿನಿಂದ ಕರೆದ ಮೇಲೆ ಕಾಲು ತೊಳೆದು ಮೇಲೆ ಬರುತ್ತಾರೆ, ಬೆಲ್ಲ ನೀರು ಕುಡಿಯುತ್ತಾರೆ, ಮಳೆಯ ವಿಷಯ ಮಾತಾಡುತ್ತಾರೆ. ಬಂದ ಕೆಲಸ ಬಾಯಿಗೆ ಬರುವುದು ಅದಾದ ನಂತರ.

ಹೀಗೆ ದೂರ ದೂರ ಬದುಕುವ ಜನರಿಗೆ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ ಎಂದು ತಿಳಿದರೆ ತಪ್ಪು. ‘ನಿನ್ನೆ ನಿಮ್ಮಲ್ಲಿಗೆ ಬಿಳಿ ಕಾರು ಬಂದಿತ್ತಲ್ಲ?’ ಎಂಬ ಪ್ರಶ್ನೆ ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕಾದಿರುತ್ತದೆ. ಯಾರ ಮನೆಗೆ ಹುಡುಗಿ ನೋಡಲು ಬಂದರು, ಯಾರ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದ, ಯಾರ ಬೋರ್‌ವೆಲ್‌ನಲ್ಲಿ ನೀರು ಸಿಗಲಿಲ್ಲ, ಇವೆಲ್ಲ ತಡಮೆ ದಾಟಿ ಹೇಗೋ ಹೊರಗೆ ಬರುತ್ತವೆ. ಇದು ಕಿರಿಕಿರಿ ಹೌದು. ಇದರಿಂದ ನೊಂದವರಿದ್ದಾರೆ, ಹೆಣ್ಣುಮಕ್ಕಳು ಹೆಚ್ಚು ನೊಂದಿದ್ದಾರೆ. ಹಳ್ಳಿಯ ಕಣ್ಣನ್ನು ನಾನು ಹೊಗಳಲಾರೆ. ಆದರೆ ಆ ಕಣ್ಣು ಯಾರದೆಂದು ನಮಗೆ ಗೊತ್ತಿತ್ತು. ಬಿಳಿ ಕಾರಿನ ವಿಷಯ ಕೇಳಿದವರ ಮನೆಯ ನಾಲ್ಕು ವಿಷಯ ನಮಗೂ ಗೊತ್ತಿತ್ತು. ಎಲ್ಲೆ ಮೀರಿ ಕೆದಕಿದರೆ ‘ನಿಮಗೆಂತಕ್ಕೆ ಅದೆಲ್ಲ?’ ಎಂದು ಮುಖ ನೋಡಿಯೇ ಹೇಳಬಹುದಿತ್ತು. ಹೆಚ್ಚು ಅಂದರೆ ಮುಂದಿನ ಜಾತ್ರೆಯವರೆಗೆ ಮಾತು ಬಿಡುತ್ತಿದ್ದರು. ಮತ್ತೆ, ಜನ ಮರೆಯುತ್ತಿದ್ದರು. ಹತ್ತು ವರ್ಷದ ಹಿಂದೆ ಯಾವ ಮಂಗಳವಾರ ನಮ್ಮ ಮನೆಗೆ ಯಾರು ಬಂದರೆಂದು ಊರಿನಲ್ಲಿ ಯಾರಿಗೂ ನೆನಪಿಲ್ಲ.

ಮುಚ್ಚಿಡಬೇಕಾದ್ದನ್ನು ಮುಚ್ಚಿಡುವ ಬಗೆಯೂ ನಮ್ಮವರಿಗೆ ಚೆನ್ನಾಗಿ ತಿಳಿದಿತ್ತು. ಅಟ್ಟದಲ್ಲಿ ಎಷ್ಟು ಅಡಿಕೆ ಉಂಟೆಂದು ಯಾವ ಕೃಷಿಕನೂ ಬಾಯಿ ಬಿಡುವುದಿಲ್ಲ. ‘ಈ ಸಲ ಎಷ್ಟಾಯ್ತು?’ ಎಂದು ಕೇಳಿದರೆ ‘ಹೋದ ವರ್ಷದ ಹಾಗೇ’ ಎಂಬ ಉತ್ತರ. ಹೋದ ವರ್ಷ ಎಷ್ಟಾಗಿತ್ತೆಂದು ಕೇಳಿದವರಿಗೂ ಗೊತ್ತಿಲ್ಲ. ಹೊಸತು ಎಷ್ಟು, ಹಳೆಯ ಡಬ್ಬಲ್ ಚೋಲ್ ಎಷ್ಟು ಇಟ್ಟಿದ್ದಾರೆ ಎಂಬುದು ಮನೆಯೊಳಗಿನ ಮಾತು. ಆ ಅಡಿಕೆಯಲ್ಲಿ ಮಗಳ ಮದುವೆ ಇರುತ್ತದೆ, ತಾಯಿಯ ಆಪರೇಷನ್ ಇರುತ್ತದೆ. ದೊಡ್ಡ ಕಾಯಿಲೆಗೆ ಮಂಗಳೂರಿಗೋ ಮಣಿಪಾಲಕ್ಕೋ ಹೋಗುವವರು ಎಷ್ಟೋ ಸಲ ಸಂಬಂಧಿಕರ ಮದುವೆಗೆಂದು ಹೇಳಿ ಬಸ್ಸು ಹತ್ತುತ್ತಿದ್ದರು. ಇನ್ನು ಸಂಬಂಧದ ವಿಷಯ. ಜಾತಕ ಕೊಡುವಾಗ ನಂಬಿಕೆಯ ಒಬ್ಬರ ಕೈಯಲ್ಲಿ ಕೊಡುತ್ತಿದ್ದರು, ಆಗದಿದ್ದರೆ ಅದು ಅದೇ ಕೈಯಲ್ಲಿ ಹಿಂದೆ ಬರುತ್ತಿತ್ತು. ‘ಜಾತಕ ಕೂಡಲಿಲ್ಲ’ ಎಂಬ ಒಂದು ಮಾತು ಎಷ್ಟು ಮನೆಗಳ ಮಾನ ಉಳಿಸಿದೆಯೋ ಲೆಕ್ಕವಿಲ್ಲ. ಹುಡುಗನ ಬಣ್ಣ ಹಿಡಿಸಲಿಲ್ಲ, ತೋಟ ಸಾಲದು, ಹುಡುಗಿಗೆ ಬೇರೆಲ್ಲೋ ಮನಸ್ಸಿದೆ, ಎಲ್ಲ ಕಾರಣಗಳ ಮೇಲೂ ಆ ಮಾತು ಒಂದು ಮುಸುಕು ಹೊದೆಸುತ್ತಿತ್ತು. ಈಗ ಅದೇ ಹುಡುಗಿಯ ಫೋಟೊ, ಜನ್ಮನಕ್ಷತ್ರ, ಸಂಬಳ, ತಂದೆಯ ಫೋನ್ ನಂಬರು ಒಂದು ಪಿಡಿಎಫ್‌ನಲ್ಲಿ ಸೇರಿ ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ಹೋಗುತ್ತದೆ. ಆಕೆಗೆ ಮದುವೆಯಾಗಿ ಮಗುವಾದ ಮೇಲೂ ಎಲ್ಲೋ ಒಂದು ಗುಂಪಿನಲ್ಲಿ ತಿರುಗುತ್ತಿರುತ್ತದೆ. ಅದು ಹಿಂದೆ ಬರುವ ದಾರಿಯೇ ಇಲ್ಲ.

ದನದ ಜಾತ್ರೆಗಳಲ್ಲಿ ವ್ಯಾಪಾರ ನಡೆಯುತ್ತಿದ್ದ ರೀತಿಯನ್ನು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು ಕೈ ಹಿಡಿದುಕೊಳ್ಳುತ್ತಿದ್ದರು, ಮೇಲೆ ಹೆಗಲಿನ ಒಂದು ಬೈರಾಸು. ಅದರ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುವುದು, ಬೆರಳು ಬಿಟ್ಟು ದರ ಇಳಿಸುವುದು. ಸುತ್ತ ನೂರು ಜನ ನೋಡುತ್ತಿದ್ದರೂ ದರ ಎಷ್ಟೆಂದು ಗೊತ್ತಾಗುತ್ತಿದ್ದುದು ಆ ಇಬ್ಬರಿಗೆ ಮಾತ್ರ. ಅಂತರ್ಜಾಲದ ಜಾಹೀರಾತು ಹೇಗೆ ನಡೆಯುತ್ತದೆ ಎಂದು ಓದಿದಾಗ ನನಗೆ ನೆನಪಾದದ್ದು ಈ ಬೈರಾಸು. ನಾವು ಒಂದು ಪುಟ ತೆರೆದಾಗ ಅದು ಪೂರ್ತಿ ಮೂಡುವಷ್ಟರೊಳಗೆ, ಕಣ್ಣು ಮಿಟುಕಿಸುವ ಹೊತ್ತಿನಲ್ಲಿ, ಅದರ ಮೂಲೆಯ ಜಾಹೀರಾತಿನ ಜಾಗಕ್ಕೆ ಹರಾಜು ಮುಗಿದಿರುತ್ತದೆ. ಜಾಗಕ್ಕೆ ಬೆಲೆ ಬರುವುದು ಅಲ್ಲಿಗೆ ಬಂದು ನೋಡುವವರಿಂದ. ಇವರು ಯಾವ ಪ್ರಾಯದವರು, ಯಾವ ಊರು, ಯಾವ ಫೋನು, ನಿನ್ನೆ ಏನು ಹುಡುಕಿದರು ಎಂಬ ವಿವರ ಕೂಗುವವರ ಮುಂದೆ ಹೋಗುತ್ತದೆ. ಹಲವು ಹರಾಜುಗಳಲ್ಲಿ ಸೋತವರ ಕೈಗೂ ಆ ವಿವರ ಸಿಕ್ಕಿರುತ್ತದೆ. ಬೈರಾಸಿನ ಅಡಿಯ ಬೆರಳುಗಳು ಬೇರೆಯವರವು. ಹಗ್ಗ ಹಿಡಿದು ನಿಲ್ಲಿಸಿದ ಎತ್ತಿನ ಜಾಗದಲ್ಲಿ ನಾವಿದ್ದೇವೆ. ಬೆರಳು ಹಿಡಿದವರು ಯಾರೆಂದು ಕೂಡ ನಮಗೆ ತಿಳಿಯುವುದಿಲ್ಲ.

ನಮ್ಮ ಕಡೆ ಈಗ ಎಲ್ಲರ ಬಾಯಲ್ಲೂ ಇರುವ ಮಾತೊಂದುಂಟು: ‘ಮೊಬೈಲು ಕೇಳಿಸಿಕೊಳ್ತದೆ ಮಾರಾಯ್ರೆ. ನಿನ್ನೆ ಜಗಲಿಯಲ್ಲಿ ಕೂತು ಮೋಟೋಕಾರ್ಟ್ ವಿಷಯ ಮಾತಾಡಿದ್ದು, ಇವತ್ತು ಅದೇ ಬಂತು.’ ಈ ಸಂಶಯವನ್ನು ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಪರೀಕ್ಷೆಗೆ ಒಡ್ಡಿದರು. 17,000ಕ್ಕೂ ಹೆಚ್ಚು ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನು ನೋಡಿ 2018ರಲ್ಲಿ ಫಲಿತಾಂಶ ಹೊರಗೆ ಹಾಕಿದರು. ಗುಟ್ಟಾಗಿ ಮೈಕ್ ತೆರೆದು ಮಾತು ಕಳಿಸಿದ ಒಂದು ಆ್ಯಪೂ ಅವರಿಗೆ ಸಿಗಲಿಲ್ಲ. ಪರದೆಯ ಮೇಲೆ ನಾವು ಮಾಡುವುದನ್ನು ಚಿತ್ರ ತೆಗೆದು ಬೇರೆಯವರಿಗೆ ಕಳಿಸುವ ಕೆಲವು ಆ್ಯಪ್‌ಗಳು ಮಾತ್ರ ಸಿಕ್ಕವು. ಇದನ್ನು ಕೇಳಿ ಸಮಾಧಾನ ಪಡುವವರುಂಟು. ನನ್ನ ಕಳವಳ ಹೆಚ್ಚಾಯಿತು. ಕದ್ದು ಕೇಳುವ ಅಗತ್ಯವೇ ಅವರಿಗಿಲ್ಲ ಎಂದಾಯಿತಲ್ಲ! ತೋಟದ ಹೊರೆ ಸಾಗಿಸುವ ಮೋಟೋಕಾರ್ಟ್ ಗಾಡಿ ಕೊಳ್ಳುವ ಯೋಚನೆಯಿದ್ದ ಭಾವ ಜಗಲಿಗೆ ಬರುವ ಮೊದಲೇ ತನ್ನ ಫೋನಿನಲ್ಲಿ ಅದರ ದರ ಹುಡುಕಿರುತ್ತಾನೆ. ಅವನ ಫೋನೂ ನನ್ನ ಫೋನೂ ಒಂದೇ ವೈಫೈಯಲ್ಲಿ ಒಂದು ಮಧ್ಯಾಹ್ನ ಕಳೆದಿರುತ್ತವೆ. ಇಬ್ಬರಿಗೂ ತೋಟವಿದೆ, ಇಬ್ಬರೂ ಅಡಿಕೆಯ ಗುಂಪಿನಲ್ಲಿದ್ದೇವೆ, ಒಂದೇ ಪ್ರಾಯದವರು. ಇಷ್ಟು ಸಾಕು.

ಹೀಗೆ ಹಿಂಬಾಲಿಸುವುದರ ಬೇರು ಹಳತು. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಲೂ ಮೊಂಟುಲಿ ಎಂಬ ಎಂಜಿನಿಯರು ಕುಕಿ ಎಂಬ ಸಣ್ಣ ಗುರುತು ಚೀಟಿಯನ್ನು ಮಾಡಿದರು. ಒಂದು ಜಾಲತಾಣ ತನ್ನಲ್ಲಿಗೆ ಬಂದವರನ್ನು ಮತ್ತೆ ಬಂದಾಗ ಗುರುತಿಸಲಿ ಎಂಬುದಷ್ಟೇ ಉದ್ದೇಶ. ಆಮೇಲೆ ಒಂದು ತಾಣದೊಳಗೆ ಇನ್ನೊಬ್ಬರು ತಮ್ಮ ಚೀಟಿ ಅಂಟಿಸತೊಡಗಿದರು. 2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ತನ್ನ ಲೈಕ್ ಗುಂಡಿಯನ್ನು ಲೋಕದ ಯಾವ ಜಾಲತಾಣವೂ ಹಾಕಿಕೊಳ್ಳಬಹುದೆಂದಿತು. ಸುದ್ದಿಯ ತಾಣ, ಅಡುಗೆಯ ತಾಣ, ಎಲ್ಲ ಕಡೆ ಹೆಬ್ಬೆರಳು ಮೂಡಿತು. ಅದನ್ನು ನಾವು ಒತ್ತಬೇಕೆಂದಿರಲಿಲ್ಲ. ಪುಟದಲ್ಲಿ ಅದು ಕಂಡರೆ ಸಾಕಿತ್ತು, ನಾವು ಅಲ್ಲಿಗೆ ಬಂದ ಸುದ್ದಿ ಫೇಸ್‌ಬುಕ್‌ಗೆ ತಲುಪುತ್ತಿತ್ತು. ಈಗ ಹೆಬ್ಬೆರಳೂ ಬೇಕಿಲ್ಲ. ಪಿಕ್ಸೆಲ್ ಎಂಬ, ಕಣ್ಣಿಗೆ ಕಾಣದ ಚುಕ್ಕಿ ಅದೇ ಕೆಲಸ ಮಾಡುತ್ತದೆ. ಅಮೆರಿಕದ 100 ಪ್ರಮುಖ ಆಸ್ಪತ್ರೆಗಳ ಜಾಲತಾಣಗಳನ್ನು ‘ದಿ ಮಾರ್ಕಪ್’ ಎಂಬ ಸುದ್ದಿತಾಣ 2022ರಲ್ಲಿ ಪರಿಶೀಲಿಸಿದಾಗ 33ರಲ್ಲಿ ಈ ಪಿಕ್ಸೆಲ್ ಇತ್ತು. ರೋಗಿ ಯಾವ ವೈದ್ಯರ ಭೇಟಿಗೆ ಸಮಯ ಕೇಳಿದರೆಂಬ ವಿವರ ಅಲ್ಲಿಂದ ಹೋಗುತ್ತಿತ್ತು. ಮದುವೆಗೆಂದು ಹೇಳಿ ಮಣಿಪಾಲದ ಬಸ್ಸು ಹತ್ತುತ್ತಿದ್ದವರ ಮುಖ ಇದನ್ನು ಓದುವಾಗ ನನ್ನ ಕಣ್ಣೆದುರು ಬರುತ್ತದೆ. ನೆರೆಮನೆಯವರಿಗೆ ತಿಳಿಯಬಾರದೆಂದು ಅಷ್ಟು ಜೋಪಾನ ಮಾಡಿದ್ದನ್ನು ಯಾರೋ ಪರದೇಶದ ಯಂತ್ರ ಬರೆದಿಟ್ಟುಕೊಳ್ಳುವುದೆಂದರೆ ಅದು ಸಣ್ಣ ಮಾತಲ್ಲ.

ನನ್ನ ದೊಡ್ಡಮ್ಮನ ವಿಷಯ ಇಲ್ಲಿ ಹೇಳಬೇಕು. ಪಂಜದ ಹತ್ತಿರ ಅವರ ಮನೆ. ಅವರಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು. ವಾಟ್ಸ್ಆ್ಯಪ್ ಇಲ್ಲ, ಫೇಸ್‌ಬುಕ್ ಇಲ್ಲ. ‘ನನ್ನ ವಿಷಯ ಯಾರಿಗೂ ಸಿಕ್ಕಲಿಕ್ಕಿಲ್ಲ’ ಎಂದು ಅವರ ಧೈರ್ಯ. ಆದರೆ ನಮ್ಮ ಕಡೆ ಫೋನಿನಲ್ಲಿ ಹೆಸರು ಬರೆದಿಡುವ ಪದ್ಧತಿ ನೋಡಿ. ಮನುಷ್ಯರ ಹೆಸರಿಗಿಂತ ಊರೂ ಸಂಬಂಧವೂ ನಮಗೆ ಮುಖ್ಯ. ‘ಪಂಜ ದೊಡ್ಡಮ್ಮ’, ‘ಬೆಳ್ಳಾರೆ ಭಾವ’, ‘ಆಲಂಕಾರು ಅತ್ತೆ’, ‘ಗುತ್ತಿಗಾರು ಚಿಕ್ಕಪ್ಪ’. ದೊಡ್ಡಮ್ಮನ ನಂಬರು ನನ್ನ ಫೋನಿನಲ್ಲಿ ದೊಡ್ಡಮ್ಮ, ಅವರ ಮಗಳ ಫೋನಿನಲ್ಲಿ ಅಮ್ಮ, ತಮ್ಮನ ಫೋನಿನಲ್ಲಿ ಅಕ್ಕ, ಹಾಲಿನ ಸೊಸೈಟಿಯವರಲ್ಲಿ ಮನೆಯ ಹೆಸರು. ಹೊಸ ಆ್ಯಪ್ ಹಾಕಿದಾಗ ಅದು ‘ಕಾಂಟಾಕ್ಟ್ಸ್ ನೋಡಬಹುದೇ?’ ಎಂದು ಕೇಳುತ್ತದೆ, ಎಲ್ಲರೂ ಅವಸರದಲ್ಲಿ ‘ಅಲೋ’ ಒತ್ತುತ್ತಾರೆ. ಹತ್ತು ಜನ ಒತ್ತಿದರೆ ನಮ್ಮ ಮನೆತನದ ವಂಶವೃಕ್ಷವೇ ಅಲ್ಲಿಗೆ ತಲುಪಿತು. ದೊಡ್ಡಮ್ಮ ಆ ವೃಕ್ಷದ ಒಂದು ದೊಡ್ಡ ಕೊಂಬೆ. ಅವರಿಗೆ ಮಾತ್ರ ಅದು ಗೊತ್ತಿಲ್ಲ. ಸದಸ್ಯರಲ್ಲದವರ ವಿವರವನ್ನೂ ತಮ್ಮ ಕಂಪೆನಿ ಸಂಗ್ರಹಿಸುತ್ತದೆ ಎಂಬುದನ್ನು 2018ರ ಏಪ್ರಿಲ್‌ನಲ್ಲಿ ಫೇಸ್‌ಬುಕ್‌ನ ಮುಖ್ಯಸ್ಥ ಮಾರ್ಕ್ ಝಕರ್‌ಬರ್ಗ್ ಅಮೆರಿಕದ ಸಂಸತ್ತಿನ ಸಮಿತಿಯೆದುರು ಒಪ್ಪಿಕೊಂಡರು, ಭದ್ರತೆಗಾಗಿ ಎಂಬ ಕಾರಣ ಕೊಟ್ಟು.

ಅದೇ ತಿಂಗಳು, ಫೇಸ್‌ಬುಕ್‌ನ ಒಂದು ರಸಪ್ರಶ್ನೆಯ ಆ್ಯಪ್ ಮೂಲಕ ಜನರ ಮಾಹಿತಿ ಸೋರಿದ ಕೇಂಬ್ರಿಜ್ ಅನಲಿಟಿಕಾ ಹಗರಣದ ಲೆಕ್ಕ ಹೊರಬಿತ್ತು. ಭಾರತದಲ್ಲಿ ಆ ರಸಪ್ರಶ್ನೆಯ ಆ್ಯಪ್ ಹಾಕಿಕೊಂಡವರು 335 ಜನ. ಅವರ ಸ್ನೇಹಿತರ ಪಟ್ಟಿಗಳ ಮೂಲಕ ಮಾಹಿತಿ ಸೋರಿರಬಹುದಾದ ಭಾರತೀಯರು 5,62,120 ಎಂದು ಫೇಸ್‌ಬುಕ್ ತಿಳಿಸಿತು. ಇಷ್ಟು ಸಣ್ಣ ಗುಂಪಿನಿಂದ ಇಷ್ಟು ದೊಡ್ಡ ಸಂಖ್ಯೆ ಹೇಗಾಯಿತೆಂದು ಪೇಟೆಯವರು ಬೆರಗಾದರು. ಒಂದು ಮದುವೆಯ ಕರೆಯೋಲೆ ಬರೆಯಲು ಕೂತು ಗೊತ್ತಿರುವ ನಮ್ಮ ಕಡೆಯವರಿಗೆ ಇದರಲ್ಲಿ ಬೆರಗಿಲ್ಲ. ಗುಟ್ಟೆಂಬುದು ಒಬ್ಬರ ಆಸ್ತಿಯಲ್ಲ, ಅದು ಕುಟುಂಬದ್ದು. ನಾನು ಒತ್ತಿದ ಒಂದು ‘ಅಲೋ’ ನನ್ನ ಅತ್ತೆಯ ಬಾಗಿಲನ್ನೂ ತೆರೆಯುತ್ತದೆ. ‘ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?’ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ನಿಮ್ಮಲ್ಲಿ ಇಲ್ಲದಿರಬಹುದು, ನಿಮ್ಮ ಫೋನಿನಲ್ಲಿರುವವರಲ್ಲಿ ಇರಬಹುದು.

ನನಗೆ ಎಲ್ಲಕ್ಕಿಂತ ನೋವು ತರುವುದು ಹಳದಿ ರೋಗದ ತೋಟಗಳ ಸಂಗತಿ. ಸುಳ್ಯ ತಾಲೂಕಿನ ಸಂಪಾಜೆಯ ಕಡೆ ಹೋದವರು ನೋಡಿರುತ್ತಾರೆ. ಸೋಗೆ ಹಳದಿಯಾಗಿ, ತಲೆ ಕುಗ್ಗಿ, ಫಸಲಿಲ್ಲದೆ ನಿಂತ ಅಡಿಕೆ ಮರಗಳು. ಅಜ್ಜ ಕಟ್ಟಿದ ತೋಟ ಮೊಮ್ಮಗನ ಕಣ್ಣೆದುರು ಹಾಗೆ ಕಂತುವುದನ್ನು ಬರೆಯಲು ನನ್ನಲ್ಲಿ ಮಾತಿಲ್ಲ. ಇದಕ್ಕೆ ಖಚಿತವಾದ ಮದ್ದು ಇನ್ನೂ ಇಲ್ಲ. ಗೊಬ್ಬರ, ನೀರು, ಬಸಿಗಾಲುವೆ ಸರಿಯಾಗಿ ನೋಡಿಕೊಂಡು ಮರದ ಬಲ ಕಾಪಾಡುವುದು, ರೋಗದ ನಡುವೆಯೂ ಆರೋಗ್ಯವಾಗಿ ನಿಂತ ಮರಗಳಿಂದ ಹೊಸ ತಳಿ ಮಾಡುವುದು ವಿಜ್ಞಾನಿಗಳು ಹಿಡಿದಿರುವ ದಾರಿ. ಈಗ ಅಂಥ ತೋಟದ ಒಬ್ಬ ಕೃಷಿಕ ರಾತ್ರಿ ಊಟ ಮುಗಿಸಿ ಫೋನಿನಲ್ಲಿ ‘ಅಡಿಕೆ ಹಳದಿ ರೋಗಕ್ಕೆ ಮದ್ದು’ ಎಂದು ಹುಡುಕುತ್ತಾನೆ. ತನ್ನ ಮರದ ಫೋಟೊ ಒಂದು ಗುಂಪಿನಲ್ಲಿ ಹಾಕುತ್ತಾನೆ. ಮರುದಿನದಿಂದ ಅವನ ಪರದೆಯ ಮೇಲೆ ಬಾಟಲಿಗಳು ಬರುತ್ತವೆ. ಮೂರೇ ತಿಂಗಳಲ್ಲಿ ಹಸಿರು, ನೂರಕ್ಕೆ ನೂರು ಗುಣ ಎಂಬ ಬರಹ, ಹಸಿರು ತೋಟದ ಮುಂದೆ ನಗುವ ಯಾರದೋ ಮುಖ. ಅವನು ಹತಾಶನಾಗಿದ್ದಾನೆಂದು ಮಾರುವವನಿಗೆ ಹೇಳಿದವರು ಯಾರು? ಅಂಗಳಕ್ಕೆ ಬಂದ ಮದ್ದಿನ ಏಜೆಂಟನಾದರೆ ಜಗಲಿಯಲ್ಲಿ ಕೂರಿಸಿ, ‘ಯಾವ ತೋಟದಲ್ಲಿ ಗುಣವಾದದ್ದು, ಹೋಗಿ ನೋಡುವ’ ಎನ್ನಬಹುದಿತ್ತು. ಪುತ್ತೂರಿನಲ್ಲಿ ಕೃಷಿಕರೇ ಸೇರಿ 1988ರಲ್ಲಿ ‘ಅಡಿಕೆ ಪತ್ರಿಕೆ’ ಹೊರಡಿಸಿದಾಗ ಅವರು ಹಿಡಿದದ್ದು ಈ ದಾರಿಯನ್ನೇ. ಬೆಳೆದವರೇ ಬರೆಯಬೇಕು, ಓದಿದವರು ಅವರ ತೋಟಕ್ಕೆ ಹೋಗಿ ಕಣ್ಣಾರೆ ನೋಡಬಹುದು. ಪರದೆಯ ಬಾಟಲಿಯ ಹಿಂದೆ ಹಾಗೆ ಹೋಗಿ ನೋಡುವ ತೋಟ ಇಲ್ಲ. ಜಾಹೀರಾತು ಬೆನ್ನು ಹತ್ತುವುದನ್ನು ಬರೀ ಉಪದ್ರವೆಂದು ತಿಳಿದವರು ಈ ಕೃಷಿಕನನ್ನು ನೆನೆಯಬೇಕು. ಕಷ್ಟದಲ್ಲಿರುವವನ ಕಷ್ಟವೇ ಅಲ್ಲಿ ಸರಕು.

ಮಕ್ಕಳ ವಿಷಯವೂ ಹಾಗೆಯೇ. 2020, 2021ರ ಮಳೆಗಾಲಗಳಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಗುಡ್ಡ ಹತ್ತಿದರು. ಸುಳ್ಯ, ಕಡಬದ ಎಷ್ಟೋ ಮನೆಗಳಲ್ಲಿ ಅಂಗಳಕ್ಕೆ ನೆಟ್‌ವರ್ಕ್ ಇಲ್ಲ. ಟರ್ಪಾಲು ಕಟ್ಟಿ, ಬಿದಿರಿನ ಚಪ್ಪರ ಹಾಕಿ, ರಸ್ತೆ ಬದಿಯಲ್ಲಿ ಕೊಡೆಯ ಅಡಿಯಲ್ಲಿ ಕೂತು ಪಾಠ ಕೇಳಿದರು. ಅಂಥ ಒಂದು ಫೋಟೊ ಸುಳ್ಯದ ಹಳ್ಳಿಯಿಂದ ಹೊರಟು ದೇಶವನ್ನೆಲ್ಲ ಸುತ್ತಿತು. 2022ರ ಮೇ ತಿಂಗಳಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ಕಲಿಕೆಯ ಆ್ಯಪ್‌ಗಳನ್ನು, ಜಾಲತಾಣಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಮೇಲೆ ಕಣ್ಣಿಟ್ಟಿದ್ದವು, ಇಲ್ಲವೇ ಕಣ್ಣಿಡಲು ತಯಾರಾಗಿದ್ದವು. ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇರುವ ದೀಕ್ಷಾ ಆ್ಯಪ್ ಕೂಡ ಆ ವರದಿಯಲ್ಲಿತ್ತು. ಒಂದು ಗೆರೆ ಸಿಗ್ನಲ್ಲಿಗಾಗಿ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತಿದ ಮಗುವಿಗೆ ಲೋಕ ಕೊಡಬೇಕಾದದ್ದು ಪಾಠ ಮಾತ್ರ.

ಮಾಡಬಹುದಾದದ್ದು ಇಲ್ಲವೇ? ಇದೆ, ಮತ್ತೆ ಕಷ್ಟದ್ದಲ್ಲ. ಮಗಳು ರಜೆಯಲ್ಲಿ ಬಂದಾಗ ನಾವು ಮನೆಯವರ ಫೋನುಗಳನ್ನೆಲ್ಲ ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತೆವು. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಎಂಬಲ್ಲಿ ಆ್ಯಡ್ಸ್ ತೆರೆದರೆ ಅಡ್ವರ್ಟೈಸಿಂಗ್ ಐಡಿಯನ್ನು ಅಳಿಸುವ ಅವಕಾಶ ಸಿಗುತ್ತದೆ. ಬೇರೆ ಬೇರೆ ಆ್ಯಪ್‌ಗಳು ಒಬ್ಬರನ್ನೇ ಗುರುತು ಹಿಡಿಯುವ ನಂಬರು ಅದು. ಅಳಿಸಿದೆವು. ಫೇಸ್‌ಬುಕ್‌ನ ಖಾತೆಯೊಳಗೆ, ಹೊರಗಿನ ತಾಣಗಳು ನಮ್ಮ ಬಗ್ಗೆ ಕಳಿಸಿದ ಮಾಹಿತಿಯ ಪಟ್ಟಿಯೊಂದಿದೆ. ಅದನ್ನು ತೆರೆದಾಗ ಅತ್ತಿಗೆಯ ಕೈ ಬಾಯಿಗೆ ಹೋಯಿತು. ಬಟ್ಟೆಯ ಅಂಗಡಿ, ಬಸ್ ಟಿಕೆಟು, ಸಾಲದ ಆ್ಯಪು, ಎಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಆ ಕೊಂಡಿಯನ್ನು ಕಡಿದು, ಮುಂದಕ್ಕೂ ಬೇಡವೆಂದು ಒತ್ತಿದೆವು. ಸ್ಥಳದ ಅನುಮತಿ ಮ್ಯಾಪಿಗೆ ಮಾತ್ರ, ಅದೂ ಬಳಸುವಾಗ ಮಾತ್ರ. ಟಾರ್ಚಿನ ಆ್ಯಪಿಗೆ ನನ್ನ ಅತ್ತೆಯ ನಂಬರು ಯಾಕೆ? ಅಂಥದ್ದನ್ನೆಲ್ಲ ಕಿತ್ತು ಹಾಕಿದೆವು. ಜಾಲತಾಣ ನೋಡಲು ಫೈರ್‌ಫಾಕ್ಸ್ ಹಾಕಿದೆವು, ಹಿಂಬಾಲಿಸುವವರನ್ನು ಅದು ತಾನಾಗಿ ತಡೆಯುತ್ತದೆ. ವಾಟ್ಸ್ಆ್ಯಪಿನ ಸಂದೇಶಗಳಿಗೆ 2016ರಿಂದ ಬೀಗ ಉಂಟು, ಒಳಗೆ ಬರೆದದ್ದನ್ನು ಕಂಪೆನಿ ಓದಲಾರದು. ಆದರೆ ಯಾರು ಯಾರಿಗೆ ಯಾವಾಗ ಎಂಬುದಕ್ಕೆ ಆ ಬೀಗ ಇಲ್ಲ. 2021ರಲ್ಲಿ ವಾಟ್ಸ್ಆ್ಯಪ್ ಒಪ್ಪಿದರೆ ಒಪ್ಪಿ, ಇಲ್ಲದಿದ್ದರೆ ಬಿಡಿ ಎಂಬಂತೆ ತಂದ ಹೊಸ ನಿಯಮಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಅದರ ಒಡೆಯನಾದ ಮೆಟಾ ಕಂಪೆನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ನಮ್ಮ ಮೇಜಿನ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಇಷ್ಟರಿಂದ ಎಲ್ಲ ನಿಂತಿತೆಂದು ನಾನು ಹೇಳುವುದಿಲ್ಲ. ಆದರೂ ತಡಮೆಯನ್ನು ಹಾಕಿಡುವುದು ನಮ್ಮ ಕೆಲಸ.

ನಮ್ಮ ಕೈಗೆ ಮೀರಿದ್ದಕ್ಕೆ ಕಾನೂನು ಬೇಕು. ಅದರ ಮೊದಲ ಕಲ್ಲು ಇಟ್ಟವರು ನಮ್ಮ ರಾಜ್ಯದವರೇ ಎಂಬುದು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ. ಆ ಪ್ರಾಯದಲ್ಲಿ ಹೆಚ್ಚಿನವರು ಲೋಕದ ಉಸಾಬರಿ ಬಿಟ್ಟಿರುತ್ತಾರೆ. ಆ ಮೊಕದ್ದಮೆಯ ದಾರಿಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಈ ದೇಶದ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಪಂಜದ ದೊಡ್ಡಮ್ಮನಿಗೆ ಅವರ ಹೆಸರು ಗೊತ್ತಿಲ್ಲ. ನಮ್ಮ ಶಾಲೆಗಳಲ್ಲಾದರೂ ಮಕ್ಕಳಿಗೆ ಆ ಹೆಸರು ಹೇಳಿಕೊಡಬೇಕು.

ಆ ತೀರ್ಪಿನ ನಂತರ ಸಂಸತ್ತು 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾನೂನು ಮಾಡಿತು. ನಿಯಮಗಳು ಬರಲು 2025ರ ನವೆಂಬರ್ ಆಯಿತು, ಕಂಪೆನಿಗಳಿಗೆ ತಯಾರಾಗಲು ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿತು. 18 ವರ್ಷ ತುಂಬದ ಮಕ್ಕಳನ್ನು ಹಿಂಬಾಲಿಸುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ ಎಂದು ಅದು ಹೇಳುತ್ತದೆ, ಇದು ಒಳ್ಳೆಯದು. ಇದಕ್ಕೆ ತಪ್ಪಿದರೆ ದಂಡ 200 ಕೋಟಿ ರೂಪಾಯಿಯವರೆಗೆ ಹೋಗಬಹುದು. ಸರಕಾರ ತಾನು ಸೂಚಿಸುವ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದೆಂಬ ದೊಡ್ಡ ಕಂಡಿಯೂ ಅದರಲ್ಲಿದೆ. ನಾವೇ ಬಹಿರಂಗವಾಗಿ ಹಾಕಿದ ಮಾಹಿತಿಗೆ ಅದರ ರಕ್ಷಣೆಯಿಲ್ಲ. ಆದ್ದರಿಂದ ಅಡಿಕೆ ಗಿಡ ಮಾರಾಟಕ್ಕಿದೆ ಎಂದು ಸಾರ್ವಜನಿಕ ಗುಂಪಿನಲ್ಲಿ ಮನೆಯ ನಂಬರು ಹಾಕುವ ಮೊದಲು ಯೋಚಿಸಬೇಕು. ಒಪ್ಪಿಗೆ ಕೇಳುವಾಗ ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ನಮಗೆ ಬೇಕಾದ ಒಂದರಲ್ಲೋ ಓದುವ ಅವಕಾಶ ಕೊಡಬೇಕೆಂದೂ ಕಾನೂನು ಹೇಳುತ್ತದೆ. ಕನ್ನಡ ಅಲ್ಲಿದೆ, ಕೊಂಕಣಿ ಇದೆ, ಮಲಯಾಳ ಇದೆ. ನಮ್ಮ ಮೂರು ತಾಲೂಕುಗಳ ಮನೆಗಳಲ್ಲಿ ಆಡುವ ತುಳು, ಅರೆಭಾಷೆ, ಬ್ಯಾರಿ ಅಲ್ಲಿಲ್ಲ. ಶಾಲೆಗೆ ಹೋಗದೆ ತುಳುವಿನಲ್ಲೇ ಬದುಕಿದ ಅಜ್ಜಿಗೆ ಆ ಒಪ್ಪಿಗೆಯ ಪತ್ರವನ್ನು ಪಕ್ಕದಲ್ಲಿ ಕೂತು ಓದಿ ಹೇಳುವವರು ಬೇಕು. ಪಂಚಾಯತಿನ ಗ್ರಂಥಾಲಯಗಳು ಈ ಕೆಲಸ ಎತ್ತಿಕೊಳ್ಳಬಹುದು ಎಂದು ನನ್ನ ಆಸೆ.

ಕಾನೂನಿನ 11ನೆಯ ಸೆಕ್ಷನ್ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ನನ್ನ ಬಗ್ಗೆ ನಿಮ್ಮಲ್ಲಿ ಏನೇನಿದೆ, ಅದನ್ನು ಯಾರ್ಯಾರಿಗೆ ಕೊಟ್ಟಿದ್ದೀರಿ ಎಂದು ಕಂಪೆನಿಯನ್ನು ಕೇಳುವ ಹಕ್ಕು ಅದರಲ್ಲಿದೆ. ದೊಡ್ಡಮ್ಮನಿಗೆ ಈ ಫೋನಿನ ಕಥೆಯನ್ನೆಲ್ಲ ಹೇಳಿದ ದಿನ ಅವರು ಎಲೆ ಅಡಿಕೆಯ ತಟ್ಟೆ ಬದಿಗಿಟ್ಟು, ‘ನನ್ನನ್ನು ಅವರಿಗೆ ಗೊತ್ತುಂಟು ಅಂತಾದರೆ, ಅವರು ಯಾರೂಂತ ನನಗೂ ಗೊತ್ತಾಗಬೇಕಲ್ಲ?’ ಎಂದು ಕೇಳಿದ್ದರು. ಆ ಸೆಕ್ಷನ್ ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಆಗ ನನ್ನ ಅರ್ಜಿಯನ್ನು ಕನ್ನಡದಲ್ಲೇ ಬರೆದು ಕಳಿಸುತ್ತೇನೆ. ದೊಡ್ಡಮ್ಮನ ಪರವಾಗಿ ಕೇಳಲು ಮಾತ್ರ ಅದರಲ್ಲಿ ದಾರಿಯಿಲ್ಲ, ಒಪ್ಪಿಗೆ ಕೊಟ್ಟು ಸೇರಿದವರಿಗಷ್ಟೇ ಆ ಹಕ್ಕು. ಎಂದೂ ಒಪ್ಪದವರಿಗೂ ಕೇಳುವ ಹಕ್ಕು ಬೇಕೆಂದು ನಮ್ಮ ಸಂಸದರಿಗೆ ಇನ್ನೊಂದು ಪತ್ರ ಬರೆಯುತ್ತಿದ್ದೇನೆ. ಅದಕ್ಕೆ ಮೊದಲ ಸಹಿ ದೊಡ್ಡಮ್ಮನದು.